ನಾಲ್ಕನೇ ವಾರದ ದನಿ

ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ನಡೆಯುವಾಗ ರೋಗಿಯ ದನಿ ಏನಾಗುತ್ತದೆ, ಒಂದೇ ಮಾತಿನಲ್ಲಿ ಹೇಳಿ ಸರ್, ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರು ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ನನಗೆ ಗೊತ್ತಿಲ್ಲ. ಇದು ವಿನಯದ ಮಾತಲ್ಲ. ಕೆಲಸಕ್ಕೆ ಸೇರಿದಾಗ ಗೊತ್ತಿತ್ತು. ನಡುವಿನಲ್ಲಿ ಬಹಳ ಚೆನ್ನಾಗಿ ಗೊತ್ತಿತ್ತು, ಬೇರೆಯವರಿಗೆ ಪಾಠವನ್ನೂ ಹೇಳುತ್ತಿದ್ದೆ. ನಿವೃತ್ತನಾಗುವ ಹೊತ್ತಿಗೆ ಗೊತ್ತಿಲ್ಲದಂತಾಯಿತು. ಆ ಇಳಿಜಾರನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಮಾತು ಮತ್ತು ಶ್ರವಣದ ಶಾಸ್ತ್ರ ಓದಿದವನು. ಹೆಂಡತಿಗೆ ಬ್ಯಾಂಕಿನಲ್ಲಿ ನಾಗಪುರಕ್ಕೆ ವರ್ಗವಾಯಿತು, ಹಿಂದೆಯೇ ನಾನೂ ಬಂದೆ. ಎರಡು ವರ್ಷ ಇದ್ದು ಹೋಗೋಣ ಎಂದುಕೊಂಡು ಬಂದವರು ಮನೀಶ್ ನಗರದಲ್ಲಿ ಮನೆ ಕೊಂಡು ಇಲ್ಲೇ ಉಳಿದೆವು. ಕ್ಯಾನ್ಸರ್ ಆಸ್ಪತ್ರೆಯೊಂದರ ಮಾತು–ಶ್ರವಣ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಏರಿದಷ್ಟೂ ರೋಗಿಗಳಿಂದ ದೂರವಾದೆ ಎನ್ನುವುದಷ್ಟೇ ಅದರ ಸಾರ.

ವಿಭಾಗದಲ್ಲಿ ನನ್ನ ಜೊತೆ ಇದ್ದವಳು ವೈಶಾಲಿ. ನಾನು ಮಾತಿನ ಕಡೆ ನೋಡಿಕೊಂಡರೆ ಅವಳು ಕಿವಿಯ ಕಡೆ. ಅವಳ ಅಜ್ಜ ಧಾರವಾಡದಿಂದ ಬಂದವರು. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಆದರೆ ಓದುವುದೆಂದರೆ ಅಕ್ಷರ ಅಕ್ಷರ ಕೂಡಿಸಬೇಕು. ಹಾಗಾಗಿ ಇದನ್ನು ಬರೆದಷ್ಟು ಬರೆದಷ್ಟು ಫೋನಿನಲ್ಲಿ ಅವಳಿಗೆ ಓದಿ ಹೇಳುತ್ತಿದ್ದೇನೆ. "ಸರ್, ನಿಮ್ದು ಅರ್ಧಾ ಬರೋಬರ್ ಐತಿ, ಅರ್ಧಾ ನಿಮ್ಮ ಮನಸಿಂದು," ಎನ್ನುತ್ತಾಳೆ. ಯಾವ ಅರ್ಧ ಎಂದರೆ ನಗುತ್ತಾಳೆ. ಓದುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲು ಪುಸ್ತಕದಲ್ಲಿರುವುದನ್ನು ಹೇಳಿಬಿಡುತ್ತೇನೆ. ಗಂಟಲಿನ ಧ್ವನಿಪೆಟ್ಟಿಗೆಯೊಳಗೆ ಎರಡು ಮಡಿಕೆಗಳಿವೆ. ಅವು ಒಂದಕ್ಕೊಂದು ತಾಗಿ ಅದುರಿದರೆ ದನಿ. ಅವುಗಳ ಮೇಲೆ ಗಡ್ಡೆ ಕೂತರೆ ಸರಿಯಾಗಿ ತಾಗುವುದಿಲ್ಲ, ದನಿ ಒಡೆಯುತ್ತದೆ. ವಿಕಿರಣ ಶುರುವಾಗಿ ಎರಡು ಮೂರು ವಾರಕ್ಕೆ ಗಡ್ಡೆ ಕರಗತೊಡಗಿ ಕೆಲವರ ದನಿ ಹಿಂದಿಗಿಂತ ತಿಳಿಯಾಗುತ್ತದೆ. ನಾಲ್ಕನೇ ವಾರದ ಹೊತ್ತಿಗೆ ಗಂಟಲೊಳಗೆ ಉರಿ, ಬಾವು, ಅಂಟು ಕಫ. ಬಂದ ದನಿ ಹೋಗುತ್ತದೆ, ಮೊದಲಿಗಿಂತ ಕೆಡುತ್ತದೆ. ಚಿಕಿತ್ಸೆ ಮುಗಿದು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮೆಲ್ಲಗೆ ಮರಳುತ್ತದೆ. ಎಲ್ಲರಿಗೂ ಅಲ್ಲ, ಪೂರ್ತಿಯಾಗಿಯೂ ಅಲ್ಲ. ಒಳ್ಳೆಯ ಸುದ್ದಿ ಮೊದಲು ಬಂದು ಕೆಟ್ಟ ಸುದ್ದಿ ಆಮೇಲೆ ಬರುತ್ತದಲ್ಲ, ನಮ್ಮ ಕೆಲಸದ ತೊಡಕೆಲ್ಲ ಅಲ್ಲಿದೆ.

ಬುಟಿಬೋರಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಎರಡನೇ ವಾರವೇ ದನಿ ತೆರೆಯಿತು. ನಾವೆಲ್ಲ ಸಂಭ್ರಮಪಟ್ಟೆವು. ಅವರು ನಮಗಿಂತ ಹೆಚ್ಚು ಸಂಭ್ರಮಪಟ್ಟು, ಗುಣವಾಯಿತು ಎಂದುಕೊಂಡು, ಮರುವಾರದಿಂದ ಚಿಕಿತ್ಸೆ ಬಿಟ್ಟು ಪಾಳಿಗೆ ಹೋದರು. ಮತ್ತೆ ನಾವು ಅವರನ್ನು ನೋಡುವಷ್ಟರಲ್ಲಿ ಮಾಡುವುದಕ್ಕೆ ಉಳಿದಿದ್ದದ್ದು ಶಸ್ತ್ರಚಿಕಿತ್ಸೆ. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅದಾದ ಮೇಲೆ ವಿಕಿರಣ ವಿಭಾಗದ ಮುಖ್ಯಸ್ಥರಾಗಿದ್ದ ಡಾಕ್ಟರ್ ಘಾಟೆ ನಮ್ಮನ್ನು ಕರೆಸಿ ಹಿಂದಿಯಲ್ಲಿ ಒಂದು ಅಪ್ಪಣೆ ಕೊಟ್ಟರು: ರೋಗಿಯ ದನಿ ಸುಧಾರಿಸಿದರೆ ನೀವು ಯಾರೂ ಖುಷಿಪಡಬಾರದು. ಮುಖ ಸಪ್ಪಗಿರಲಿ. ನಾವು ಅದನ್ನು ಪಾಲಿಸಿದೆವು. ಪರಿಣಾಮವಾಗಿ ರೋಗಿಗಳು ಮೂರನೇ ವಾರ, ದನಿ ಚೆನ್ನಾಗಿದ್ದಾಗಲೇ, "ಸಾಹೇಬ್, ಏನಾದರೂ ಮುಚ್ಚಿಡುತ್ತಿದ್ದೀರಾ?" ಎಂದು ಕೇಳತೊಡಗಿದರು.

ದನಿಯನ್ನು ಕಾಪಾಡುವ ರೀತಿಯೂ ಒಂದೇ ಇರಲಿಲ್ಲ. ನಾನು ಸೇರಿದ ಹೊಸತರಲ್ಲಿ ಚಿಕಿತ್ಸೆ ಮುಗಿಯುವವರೆಗೆ ಮೌನವಾಗಿರಿ ಎಂದು ಎಲ್ಲರಿಗೂ ಒಂದೊಂದು ಸ್ಲೇಟು ಕೊಡುತ್ತಿದ್ದೆವು. ನಾಗಪುರದ ಹಳೆ ಪೇಟೆ ಮಹಾಲಿನ ಗಲ್ಲಿಯೊಂದರಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವರು ನಮ್ಮ ಮಾತನ್ನು ಎಷ್ಟು ನಿಷ್ಠೆಯಿಂದ ನಡೆಸಿದರೆಂದರೆ, ಚಿಕಿತ್ಸೆ ಮುಗಿದು ವರ್ಷವಾದರೂ ಸ್ಲೇಟು ಬಿಡಲಿಲ್ಲ. ಯಾಕೆಂದು ಕೇಳಿದರೆ ಸ್ಲೇಟಿನ ಮೇಲೆ ಬರೆದು ತೋರಿಸಿದರು: ಬರೆದು ಹೇಳಿದರೆ ಗಿರಾಕಿ ಚೌಕಾಸಿ ಮಾಡುವುದಿಲ್ಲ. ಅವರೊಂದಿಗೆ ನಾವೂ ನಕ್ಕೆವು. ಆಮೇಲೆ ಪರೀಕ್ಷೆ ಮಾಡಿದರೆ ಗಂಟಲಿನ ಸ್ನಾಯುಗಳು ಬಳಕೆಯಿಲ್ಲದೆ ಬಿಗಿದುಕೊಂಡಿದ್ದವು. ಅಷ್ಟರಲ್ಲಿ ಹೊಸ ಪದ್ಧತಿ ಬಂತು. ಮೌನ ಬೇಡ, ಮೆಲ್ಲಗೆ ಮಾತಾಡುತ್ತಿರಿ, ನೀರು ಗುಟುಕರಿಸುತ್ತಿರಿ, ನುಂಗುವ ಅಭ್ಯಾಸ ಬಿಡಬೇಡಿ, ಆದರೆ ಕೂಗಬೇಡಿ, ಪಿಸುಗುಟ್ಟಲೂ ಬೇಡಿ. ಹಿಂದೆ ಮೌನ ಎಂದಾಗ ಎಷ್ಟು ಖಚಿತವಾಗಿ ಹೇಳುತ್ತಿದ್ದೆವೋ ಈಗ ಮಾತಾಡಿ ಎನ್ನುವಾಗಲೂ ಅಷ್ಟೇ ಖಚಿತವಾಗಿ ಹೇಳಿದೆವು. ಇದು ಆಗಲೂ ನನಗೆ ಇರಿಸುಮುರಿಸಾಗಿತ್ತು. ಅಥವಾ ಈಗ ಆಗುತ್ತಿರುವ ಇರಿಸುಮುರಿಸನ್ನು ಆಗಿನ ಕಾಲಕ್ಕೆ ಒಯ್ದು ಇಡುತ್ತಿದ್ದೇನೆಯೋ?

ಈರಣ್ಣನವರು ಬಂದದ್ದು ಈ ಹೊಸ ಪದ್ಧತಿ ನೆಲೆಯೂರಿದ ಮೇಲೆ. ವಿಜಾಪುರದ ಕಡೆಯವರು, ರೈಲ್ವೆ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಮೇಟ್, ಅಂದರೆ ಆಳುಗಳ ಮುಂದಾಳು, ಆಗಿದ್ದರು. ಹತ್ತು ಹನ್ನೆರಡು ಜನ ಉದ್ದನೆಯ ಕಬ್ಬಿಣದ ಗಡಾರಿ ಹಾಕಿ ಹಳಿಯನ್ನು ಸರಿಸುವಾಗ ಒಬ್ಬ ಕೂಗಿ ತಾಳ ಕೊಡಬೇಕು. ಅವನ ಕೂಗಿಗೆ ಉಳಿದವರು "ಹೈಶಾ" ಎಂದು ಒಂದೇ ಉಸಿರಿಗೆ ಬಲ ಹಾಕುತ್ತಾರೆ. ಆ ಕೂಗು ಈರಣ್ಣನವರದು. ಎತ್ತರದ ಆಳು, ಬೀಡಿಯಿಂದ ಕಪ್ಪಾದ ತುಟಿ. ಗಡ್ಡೆ ಮಡಿಕೆಯ ಮೇಲೆ ಇತ್ತು, ಬೇಗ ಗೊತ್ತಾಗಿತ್ತು. ವಿಕಿರಣ ಪೂರ್ತಿ ತೆಗೆದುಕೊಂಡರೆ ವಾಸಿಯಾಗುವ ರೋಗ ಎಂದು ಡಾಕ್ಟರ್ ಘಾಟೆ ಹೇಳಿದ್ದರು. ಅವರು ಹಾಗೆ ಸುಮ್ಮನೆ ಹೇಳುವವರಲ್ಲ.

ನಾನು ಕನ್ನಡದವನೆಂದು ತಿಳಿದು ಈರಣ್ಣನವರಿಗೆ ಖುಷಿ. ನನ್ನ ಮೈಸೂರು ಕನ್ನಡ ಕೇಳಿ ಇನ್ನೂ ಖುಷಿ.

"ಏನ್ ಸಾಹೇಬ್ರ, ನೀವು ಮಾತಾಡಿದ್ರ ಸಿನಿಮಾದಾಗ ಮಾತಾಡಿದಂಗ ಅನಸ್ತೈತಿ ನೋಡ್ರಿ."

"ಸಾಹೇಬ್ರು ಅನ್ನಬೇಡಿ. ನಾನು ಡಾಕ್ಟರೂ ಅಲ್ಲ."

"ಡಾಕ್ಟರ್ ಅಲ್ಲಾ? ಮತ್ತ ನನ್ನ ಬಾಯಾಗ ಯಾಕ ಬಗ್ಗಿ ನೋಡಾಕತ್ತೀರಿ?"

ಪ್ರತಿದಿನ ಅಜ್ನಿಯ ರೈಲ್ವೆ ಕ್ವಾರ್ಟರ್ಸಿನಿಂದ ಅವರ ಜೊತೆಗೆ ಹೆಂಡತಿ ಗಂಗವ್ವ ಬರುತ್ತಿದ್ದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಡಬ್ಬಿ. ನಮ್ಮ ಪದ್ಧತಿಯ ಪ್ರಕಾರ ಮನೆಯ ಆರೈಕೆಯನ್ನು ಜೊತೆಗೆ ಬಂದವರಿಗೇ ಹೇಳಬೇಕು. ರೋಗಿ ಅರ್ಧ ಕೇಳುತ್ತಾನೆ, ಮನೆಯವರು ಪೂರ್ತಿ ಕೇಳುತ್ತಾರೆ ಎಂದು ನಮ್ಮ ನಂಬಿಕೆ. ನಾನು ಗಂಗವ್ವನವರನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದೆ: ಮನೆಯಲ್ಲಿ ಕೂಗಿ ಮಾತಾಡೋಕೆ ಬಿಡಬೇಡಿ. ದೂರದಿಂದ ಕರೆಯೋಕೆ ಬಿಡಬೇಡಿ. ಅವರು ಮೆಲ್ಲಗೆ ಹೇಳಲಿ, ನೀವು ಹತ್ತಿರ ಹೋಗಿ ಕೇಳಿಸಿಕೊಳ್ಳಿ. ಅವರು ನನ್ನ ಬಾಯನ್ನೇ ನೋಡುತ್ತ "ಹ್ಞೂಂ ರೀ" ಎನ್ನುತ್ತಿದ್ದರು. ಇಷ್ಟು ಗಮನವಿಟ್ಟು ಕೇಳುವ ಮನೆಯವರು ಸಿಕ್ಕುವುದು ಅಪರೂಪ ಎಂದು ನಾನು ವೈಶಾಲಿಗೆ ಹೇಳಿದ್ದೆ. ಇದನ್ನು ಅವಳೂ ಒಪ್ಪುತ್ತಾಳೆ. ಈ ಒಂದು ವಿಷಯದಲ್ಲಿ ಅವಳ ನೆನಪೂ ನನ್ನ ನೆನಪೂ ಹೊಂದುತ್ತವೆ.

ಮೂರನೇ ವಾರ ಈರಣ್ಣನವರ ದನಿ ತೆರೆಯಿತು. ಹಾಗೆಂದು ನನಗೆ ನೆನಪು. ಬಾಗಿಲಲ್ಲಿ ನಿಂತು "ಸಾಹೇಬ್ರ!" ಎಂದು ಕರೆದರೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ನಾನು ಡಾಕ್ಟರ್ ಘಾಟೆಯವರ ಅಪ್ಪಣೆಯಂತೆ ಮುಖ ಸಪ್ಪಗೆ ಮಾಡಿಕೊಂಡು, "ಇದು ಹೀಗೇ ಇರಲ್ಲ, ಮುಂದಿನ ವಾರ ಮತ್ತೆ ಹೋಗುತ್ತೆ, ಹೆದರಬೇಡಿ," ಎಂದೆ. ಹೆದರಬೇಡಿ ಎಂದಾಗಲೇ ಮನುಷ್ಯ ಹೆದರುವುದು. ಅವರು ತಮಾಷೆ ನಿಲ್ಲಿಸಿದರು.

"ಹೋದ ಮ್ಯಾಲೆ ತಿರಗಿ ಬರತೈತೇನ್ರಿ?"

"ಬರುತ್ತೆ."

"ಯಾವಾಗ?"

"ಕೆಲವರಿಗೆ ಬೇಗ, ಕೆಲವರಿಗೆ ತಿಂಗಳುಗಟ್ಟಲೆ."

"ಇದ್ದಂಗ ಬರತೈತೇನು?"

ನಾನು ಸುಳ್ಳು ಹೇಳಲಿಲ್ಲ. ಪೂರ್ತಿ ಹಾಗೇ ಬರದಿರಬಹುದು ಎಂದೆ. ಅವರು ಗಂಗವ್ವನವರ ಕಡೆ ನೋಡಿದರು. ಆಕೆ ನನ್ನ ಕಡೆ ನೋಡಿ "ಹ್ಞೂಂ ರೀ" ಎಂದರು.

ನಾಲ್ಕನೇ ವಾರ ದನಿ ಹೋಯಿತು. ನಾನು ಎಣಿಸಿದ್ದಕ್ಕಿಂತ ಬೇಗ, ಎಣಿಸಿದ್ದಕ್ಕಿಂತ ಪೂರ್ತಿಯಾಗಿ ಹೋಯಿತು. ಗಂಟಲೊಳಗೆ ದರ್ಪಣ ಬಿಟ್ಟು ನೋಡಿದರೆ ಮಡಿಕೆಗಳು ವಿಕಿರಣಕ್ಕಷ್ಟೇ ಅಲ್ಲ, ದಿನವಿಡೀ ಕೂಗಿದ್ದಕ್ಕೂ ಕೆಂಪಾದಂತೆ ಕಂಡವು. ಕಂಡವು ಎಂದಷ್ಟೇ ಹೇಳಬಲ್ಲೆ. ಆ ಎರಡು ಕೆಂಪುಗಳನ್ನು ಬೇರೆ ಮಾಡಿ ಹೇಳುವ ಕಣ್ಣು ನನಗಿದೆ ಎಂದು ಆಗ ನಂಬಿದ್ದೆ. "ಮನೇಲಿ ಕೂಗ್ತೀರಾ?" ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. "ಗ್ಯಾಂಗಿನ ಹತ್ತಿರ ಹೋಗ್ತೀರಾ?" ಇಲ್ಲ. "ಬೀಡಿ?" ಇಲ್ಲ. ಗಂಗವ್ವನವರನ್ನು ಕೇಳಿದೆ, "ಮನೇಲಿ ಕೂಗ್ತಾರಾ?" ಎಂದು. "ಹ್ಞೂಂ ರೀ." "ಅಂದರೆ ಕೂಗ್ತಾರೆ?" "ಹ್ಞೂಂ ರೀ." ಈರಣ್ಣನವರು ಅವಸರದಿಂದ ಅವರ ಕೈ ಹಿಡಿದು ಎಬ್ಬಿಸಿಕೊಂಡು ಹೋದರು. ಗಂಡ ಹೆಂಡತಿಗೆ ಏನೋ ಜಗಳ ಎಂದುಕೊಂಡೆ.

ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ.

ವಿಕಿರಣ ಚಿಕಿತ್ಸೆಯ ನಡುವೆ ದಿನ ತಪ್ಪಿಸುವುದೆಂದರೆ ಸಾಯಲು ಬಿದ್ದ ಗಡ್ಡೆಗೆ ಉಸಿರಾಡಲು ಬಿಡುವು ಕೊಟ್ಟ ಹಾಗೆ. ಡಾಕ್ಟರ್ ಘಾಟೆ ಆಗಾಗ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. "ನಿಮ್ಮ ಕನ್ನಡದ ಮನುಷ್ಯ ಎಲ್ಲಿ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ, "ವಾಸಿಯಾಗುವವನು ಅವನು. ವಾಸಿಯಾಗುವವನು ಬರದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ," ಎಂದು ಹೇಳಿ ಹೋದರು. ಆ ಮನುಷ್ಯನಿಗೂ ನಿದ್ದೆ ಕೆಡುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ಬುಧವಾರ ಮಧ್ಯಾಹ್ನ ನನ್ನ ಸ್ಕೂಟರಿನಲ್ಲಿ ನಾನೂ ವೈಶಾಲಿಯೂ ಅಜ್ನಿಗೆ ಹೋದೆವು. ಕ್ವಾರ್ಟರ್ಸಿನ ಬಾಗಿಲು ತೆರೆದೇ ಇತ್ತು. ಗಂಗವ್ವ ನಮಗೆ ಬೆನ್ನು ಹಾಕಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ನಾನು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ. ಸೊಪ್ಪಿನಿಂದ ಕೈ ಎತ್ತಲಿಲ್ಲ. ಆಸ್ಪತ್ರೆಯವರ ಮೇಲೆ ಸಿಟ್ಟು ಬಂದಿದೆ, ನಮ್ಮ ಮುಖ ನೋಡಲೂ ಇಷ್ಟವಿಲ್ಲ ಎಂದುಕೊಂಡು ನಾನು ತಗ್ಗಿದ ದನಿಯಲ್ಲಿ ಸಮಾಧಾನದ ಮಾತು ಶುರುಮಾಡಿದೆ. "ನಿಮ್ಮ ಬೇಜಾರು ನಮಗೆ ಅರ್ಥವಾಗುತ್ತೆ ಅಮ್ಮ..."

ಇಲ್ಲಿಂದ ಮುಂದೆ ನನ್ನ ನೆನಪಿಗೂ ವೈಶಾಲಿಯ ನೆನಪಿಗೂ ತಾಳೆಯಿಲ್ಲ. ನಾನೇ ಮಾತು ನಿಲ್ಲಿಸಿ, ಹೊಸ್ತಿಲ ಬಳಿಯಿದ್ದ ಹಿತ್ತಾಳೆ ಕೊಡವನ್ನು ಬೀಗದ ಕೈಯಿಂದ ಬಡಿದು ನೋಡಿದೆ ಎಂದು ನನ್ನ ಕಣ್ಣ ಮುಂದೆ ಚಿತ್ರವಿದೆ. "ಕೊಡಾ ಬಡದದ್ದು ನಾನು ಸರ್," ಎನ್ನುತ್ತಾಳೆ ವೈಶಾಲಿ. "ನೀವು ಇನ್ನೂ ಭಾಷಣಾ ಮಾಡ್ಲಿಕ್ಕೆ ಹತ್ತಿದ್ರಿ." ಬೀಗದ ಕೈ ನನ್ನ ಸ್ಕೂಟರಿನದು ಎಂದರೆ, ಅದು ತನ್ನ ಕೈಯಲ್ಲಿತ್ತು ಎನ್ನುತ್ತಾಳೆ. ಯಾರೋ ಒಬ್ಬರು ಬಡಿದೆವು. ಗಂಗವ್ವ ಆಗಲೂ ತಿರುಗಲಿಲ್ಲ.

ವೈಶಾಲಿ ನನ್ನ ಮುಖ ನೋಡಿದಳು. "ಸರ್, ನಮ್ಮ ಬೋರ್ಡ್ ಮ್ಯಾಲೆ ಏನು ಬರದೈತಿ?"

"ಮಾತು ಮತ್ತು ಶ್ರವಣ ವಿಭಾಗ."

"ಶ್ರವಣ ಅಂದ್ರ?"

ನಾಲ್ಕು ವಾರ ಒಬ್ಬರ ದನಿಯನ್ನು ಯಂತ್ರ ಹಿಡಿದು ಅಳೆದಿದ್ದೆವು. ಅದನ್ನು ಕೇಳಿಸಿಕೊಳ್ಳಬೇಕಾದ ಕಿವಿ ಅವರ ಪಕ್ಕದಲ್ಲೇ ಡಬ್ಬಿ ಹಿಡಿದು ಕೂತಿತ್ತು. ಬೇರೆ ಯಾವ ವಿಭಾಗದವರು ಹೀಗೆ ಎಡವಿದರೂ ಒಂದು ಸಬೂಬು ಇರುತ್ತಿತ್ತು.

ಒಳಗಿನ ಕೋಣೆಯಿಂದ ಈರಣ್ಣನವರು ಬಂದರು. ಕತ್ತಿನ ಚರ್ಮ ಕಪ್ಪಾಗಿ ಸುಲಿದಿತ್ತು. ಹೆಂಡತಿಯ ಎದುರಿಗೆ ಹೋಗಿ ನಿಂತರು, ಆಮೇಲೆ ಆಕೆ ತಲೆಯೆತ್ತಿ ನಮ್ಮನ್ನು ಕಂಡು ಗಡಬಡಿಸಿ ಎದ್ದು ಚಹಾಕ್ಕೆ ನೀರಿಡಲು ಹೋದರು.

"ಇನ್ನ ಸಾಕ್ರಿ ಸಾಹೇಬ್ರ," ಎಂದರು ಈರಣ್ಣ. ದನಿಯಲ್ಲ, ಬರೀ ಗಾಳಿ. ಹತ್ತಿರ ಬಗ್ಗಿ ಕೇಳಬೇಕಾಯಿತು. ವಿಕಿರಣವನ್ನು ಅವರು ಕರೆಂಟ್ ಎನ್ನುತ್ತಿದ್ದರು. "ಕರೆಂಟ್ ಇಡಸ್ಕೊಂಡಷ್ಟು ಸಾಕು. ದನಿ ಬಂದಿತ್ತು, ನಿಮ್ಮ ಕರೆಂಟ ಅದನ್ನ ಸುಟ್ಟೈತಿ. ಈಗ ಬಿಟ್ರ ಉಳದಷ್ಟರ ಉಳಿತೈತಿ."

"ಪೂರ್ತಿ ಮಾಡದಿದ್ರೆ ಜೀವಕ್ಕೇ ಅಪಾಯ. ಘಾಟೆ ಸಾಹೇಬರು ಹೇಳಲಿಲ್ವಾ?"

"ಹೇಳ್ಯಾರ."

"ಮತ್ತೆ? ರಜೆ ಇದೆ. ಗ್ಯಾಂಗಿಗೆ ಬೇರೆ ಮೇಟ್ ಬಂದಿದ್ದಾನೆ. ಈಗ ಯಾರಿಗೆ ಕೂಗಬೇಕು ನೀವು?"

ಅವರು ಗದ್ದ ಎತ್ತಿ ಅಡುಗೆಮನೆಯ ಕಡೆ ತೋರಿಸಿದರು. "ಇಕಿಗೆ."

ಆಮೇಲೆ ತಡೆದು ತಡೆದು ಹೇಳಿದರು. ಮೊದಲ ಬಾಣಂತನದಲ್ಲಿ ಜ್ವರ ಬಂದು ಗಂಗವ್ವನವರ ಕಿವಿ ಹೋಗಿತ್ತು. ಆ ಕೂಸೂ ಉಳಿಯಲಿಲ್ಲ. ಕಿವುಡಿ ಎಂದು ಗೊತ್ತಾದರೆ ತಮ್ಮ ತಾಯಿ ಏನನ್ನುತ್ತಾಳೋ, ಇನ್ನೊಂದು ಮದುವೆಯ ಮಾತು ತೆಗೆಯುತ್ತಾಳೋ ಎಂದು ಈರಣ್ಣನವರು ಅದನ್ನು ಯಾರಿಗೂ ತಿಳಿಯಗೊಡಲಿಲ್ಲ. ಎದುರು ನಿಂತು ದೊಡ್ಡ ದನಿಯಲ್ಲಿ ಹೇಳಿದರೆ ಆಕೆಗೆ ಅಷ್ಟಿಷ್ಟು ಮುಟ್ಟುತ್ತಿತ್ತು, ಉಳಿದದ್ದು ಬಾಯಿ ನೋಡಿ ತಿಳಿಯುತ್ತಿತ್ತು. ಗ್ಯಾಂಗಿನವರು ಮೇಟನ ದನಿಯೇ ಹಾಗೆ ಎಂದುಕೊಂಡರು, ನೆರೆಮನೆಯವರು ಜಗಳಗಂಟ ಎಂದುಕೊಂಡರು. ಊರು ಬಿಟ್ಟು ನಾಗಪುರಕ್ಕೆ ಬಂದ ಮೇಲೆ ಮುಚ್ಚಿಡುವ ಅಗತ್ಯವೇನೂ ಇರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅದು ಇಬ್ಬರಿಗೂ ರೂಢಿಯಾಗಿಬಿಟ್ಟಿತ್ತು.

"ಇಕಿಗೆ ಮುಟ್ಟೂ ದನಿ ಇದೊಂದ ರೀ. ಇಲ್ಲಿ ಮಂದಿ ಮರಾಠಿ ಮಾತಾಡ್ತಾರ, ಅವರ ಬಾಯಿ ನೋಡಿದ್ರ ಇಕಿಗೆ ತಿಳ್ಯಾಂಗಿಲ್ಲ. ಓದು ಬರಹ ಇಲ್ಲ, ಪಾಟಿ ಪೆನ್ಸಿಲ್ ಕೊಟ್ರೂ ಕೆಲಸಕ್ಕ ಬರಾಂಗಿಲ್ಲ. ನನ್ನ ದನಿ ಬಂದ್ ಆದ್ರ ಇಕಿ ಯಾರ ಜೋಡಿ ಇರಬೇಕು?"

"ನೀವೇ ಹೋದರೆ ಯಾರ ಜೊತೆ ಇರ್ತಾರೆ?" ಎಂದು ನಾನು ಕೇಳಿದೆ. ತರ್ಕ ಸರಿಯಾಗಿತ್ತು. ಅದರಿಂದ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅದು ಮುಂದಿಂದು ಸಾಹೇಬ್ರ. ಇದು ಇವತ್ತಿಂದು."

ವೈಶಾಲಿ ಅಷ್ಟರಲ್ಲಿ ಅಡುಗೆಮನೆಗೆ ಹೋಗಿ ಗಂಗವ್ವನವರ ಎದುರಿಗೆ ನಿಂತಿದ್ದಳು. ಬಾಯಿ ಅಗಲಿಸಿ, ನಿಧಾನವಾಗಿ, "ಮಾವಶಿ, ನಾಳೆ ನೀವು ಬರ್ರಿ. ನಿಮ್ಮ ಕಿವಿ ನೋಡ್ತೀನಿ," ಎಂದು ಕಿವಿ ಮುಟ್ಟಿ ತೋರಿಸಿದಳು. ಗಂಗವ್ವ ಗಾಬರಿಯಾಗಿ ಗಂಡನ ಕಡೆ ನೋಡಿದರು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಇವರೇ ಹೇಳಿಬಿಟ್ಟರಲ್ಲ ಎಂಬ ನೋಟ. ಈರಣ್ಣನವರು ತಲೆ ತಗ್ಗಿಸಿದರು. ಆಮೇಲೆ ಗಂಗವ್ವ ನನ್ನ ಕಡೆ ತಿರುಗಿ ಮೊದಲ ಬಾರಿಗೆ ಒಂದು ಪೂರ್ತಿ ವಾಕ್ಯ ಆಡಿದರು.

"ಅವರು ಕರೆಂಟ್ ಇಡಸ್ಕೊಳಾಕ ಬಂದ್ರ ನಾ ಬರ್ತೀನ್ರಿ. ಇಲ್ಲಂದ್ರ ಇಲ್ಲ."

ಆಕೆಗೆ ನಮ್ಮ ಮಾತು ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ. ಆ ಮಾತನ್ನು ತಾನೇ ಹೇಳಿಕೊಟ್ಟೆ ಎಂದು ವೈಶಾಲಿ ಎಂದೂ ಹೇಳಿಲ್ಲ. ಹಾಗಾಗಿ ಅದು ಗಂಗವ್ವನವರದೇ ಇರಬೇಕು.

ಗುರುವಾರ ಇಬ್ಬರೂ ಬಂದರು. ಈರಣ್ಣನವರು ತಲೆ ಅಲುಗದಂತೆ ಮುಖಕ್ಕೆ ಜಾಲರಿಯ ಅಚ್ಚು ಹಾಕಿಸಿಕೊಂಡು ಯಂತ್ರದ ಕೆಳಗೆ ಮಲಗಿದ್ದಾಗ, ಗಂಗವ್ವ ಹೆಡ್‌ಫೋನು ಹಾಕಿಕೊಂಡು ಕಿವಿ ಪರೀಕ್ಷೆಯ ಗಾಜಿನ ಕೋಣೆಯಲ್ಲಿ ಕೂತಿದ್ದರು. ತಪ್ಪಿದ ದಿನಗಳನ್ನು ಡಾಕ್ಟರ್ ಘಾಟೆ ಹೇಗೆ ಸರಿದೂಗಿಸಿದರು ಎಂಬುದು ನನ್ನ ವಿಷಯವಲ್ಲ. ನಮ್ಮ ವಿಭಾಗದ ಬೋರ್ಡಿನ ಬಗ್ಗೆ ಅವರೂ ಒಂದು ಮಾತು ಹೇಳಿದರು. ಅದನ್ನು ಬರೆಯುವುದಿಲ್ಲ.

ಕಿವಿಯ ಹಿಂದೆ ಇಡುವ ಶ್ರವಣ ಸಾಧನ ನಮ್ಮ ಬೀರುವಿನಲ್ಲೇ ಇತ್ತು. ಅದನ್ನು ಇಟ್ಟ ಕೂಡಲೇ ಎಲ್ಲ ಸರಿಹೋಯಿತು ಎಂದು ಹೊಸಬರು ತಿಳಿಯಬಾರದು. ಮೊದಲ ವಾರ ಗಂಗವ್ವ ಅದನ್ನು ಕಿತ್ತು ಕಿತ್ತು ಇಡುತ್ತಿದ್ದರು. "ಬಾಯಾರ, ಪಾತ್ರಿ ಸಪ್ಪಳ ಭಾಳ ರೀ. ಇಷ್ಟು ಸಪ್ಪಳದಾಗ ಮಂದಿ ಹೆಂಗ ಬದುಕತಾರ?" ಎಂದು ವೈಶಾಲಿಯನ್ನು ಕೇಳಿದರು. ಅತ್ತ ಈರಣ್ಣನವರ ದನಿ ಐದನೇ, ಆರನೇ ವಾರಕ್ಕೆ ಇನ್ನೂ ಕೆಟ್ಟಿತು. ಒಂದು ಕಡೆ ಕಿವಿ ತೆರೆಯುತ್ತಿತ್ತು, ಇನ್ನೊಂದು ಕಡೆ ದನಿ ಮುಚ್ಚುತ್ತಿತ್ತು. ಇವೆರಡೂ ಎಲ್ಲಿಯಾದರೂ ಒಂದನ್ನೊಂದು ಸಂಧಿಸುತ್ತವೆಯೋ ಇಲ್ಲವೋ ನಮಗೆ ತಿಳಿಯದು. ಆದರೂ ಅವರು ದಿನ ತಪ್ಪಿಸಲಿಲ್ಲ. ನುಂಗಲಾರದೆ ಗಂಜಿ ಕುಡಿದುಕೊಂಡು ಚಿಕಿತ್ಸೆ ಮುಗಿಸಿದರು.

ಇಲ್ಲಿ ಒಂದು ವಿಷಯ ಸೇರಿಸಬೇಕು. ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ನಡೆಯಿತು. ಅಂಟಿಸಿದ್ದ ಚೀಟಿಗಳು ಎಷ್ಟೋ ಉದುರಿಹೋಗಿದ್ದವು. ಈರಣ್ಣನವರ ದನಿ ಸಿಕ್ಕಿತು, ಒಂದೊಂದು ವಾರದ್ದು ಒಂದೊಂದು ತುಣುಕು. ಉದ್ದಕ್ಕೆ "ಆ" ಎನ್ನುವುದು, ಆಮೇಲೆ ಒಂದರಿಂದ ಇಪ್ಪತ್ತರವರೆಗೆ ಎಣಿಸುವುದು. ಯಾವುದು ಯಾವ ವಾರದ್ದೆಂದು ಕೇಳಿಯೇ ಹೇಳುತ್ತೇನೆ ಎಂದು ನಾನು ಜಂಬದಿಂದ ಕೂತೆ. ತುಂಬ ತಿಳಿಯಾದ ತುಣುಕನ್ನು ಮೂರನೇ ವಾರದ್ದು ಎಂದೆ. ಟೇಪಿನೊಳಗೇ ನಾನು ಹೇಳಿದ್ದ ತಾರೀಖನ್ನು ವೈಶಾಲಿ ಹುಡುಕಿ ಕೇಳಿಸಿದಳು. ಅದು ಮೊದಲ ವಾರದ್ದು. ಮೂರನೇ ವಾರದ್ದು ಬೇರೆ ಇತ್ತು, ಅದಕ್ಕೂ ಮೊದಲ ವಾರದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಕೇಳಿಸಲಿಲ್ಲ. ಹಾಗಾದರೆ ಬಾಗಿಲಲ್ಲಿ ನಿಂತು "ಸಾಹೇಬ್ರ!" ಎಂದು ಕರೆದದ್ದು? ಪಕ್ಕದ ಕೋಣೆಯವರು ಇಣುಕಿದ್ದು? ನನ್ನೊಳಗೆ ಆ ಕೂಗು ಈಗಲೂ ಸ್ಪಷ್ಟವಾಗಿದೆ. ಟೇಪಿನಲ್ಲಿ ಅದಿಲ್ಲ. ಯಂತ್ರದ ಮುಂದೆ ಕೂತಾಗ ಅವರು ಸಂಕೋಚಪಟ್ಟು ಮೆಲ್ಲಗೆ ಎಣಿಸಿದರೋ, ಅಥವಾ ಪುಸ್ತಕದಲ್ಲಿ ಮೂರನೇ ವಾರ ದನಿ ತೆರೆಯುತ್ತದೆ ಎಂದು ಓದಿದ್ದ ನಾನು ತೆರೆದದ್ದನ್ನೇ ಕೇಳಿದೆನೋ ಹೇಳಲಾರೆ. ಅವರು ಆರೋಗ್ಯವಾಗಿದ್ದಾಗಿನ ದನಿಯಂತೂ ಯಾವ ಟೇಪಿನಲ್ಲೂ ಇಲ್ಲ. ನಮ್ಮ ಬಳಿ ಬರುವವರೆಲ್ಲ ದನಿ ಕೆಟ್ಟ ಮೇಲೆಯೇ ಬರುವವರು. ಮೊದಲಿನಂತಾಯಿತು ಎಂದು ನಾವು ಬರೆಯುವಾಗ ಆ ಮೊದಲನ್ನು ಕೇಳಿದವರು ನಮ್ಮಲ್ಲಿ ಯಾರೂ ಇರುವುದಿಲ್ಲ.

ಅದಕ್ಕೇ ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೆ ತಪಾಸಣೆಗೆ ಬಂದಾಗ ಮನೆಯವರನ್ನು ಕೇಳುವುದು ರೂಢಿ: ದನಿ ಮೊದಲಿನ ಹಾಗೆ ಇದೆಯೇ? ಈರಣ್ಣನವರು ಬಂದದ್ದು ಚಳಿಗಾಲ ಕಳೆದ ಮೇಲೆ. ಗಂಟಲು ಶುದ್ಧವಾಗಿತ್ತು. ಗಡ್ಡೆಯ ಸುಳಿವಿಲ್ಲ ಎಂದು ಡಾಕ್ಟರ್ ಘಾಟೆ ತಾವೇ ಹೇಳಿ ಕಳಿಸಿದ್ದರು. ದನಿ ಬಂದಿತ್ತು, ಆದರೆ ಒರಟು, ತೆಳ್ಳಗೆ, ಎರಡು ಮಾತಿಗೆ ಒಮ್ಮೆ ಕಡಿಯುತ್ತಿತ್ತು. ಹಳಿಯ ಮೇಲೆ ಕೂಗುವ ದನಿಯಲ್ಲ ಅದು, ಎಂದೂ ಆಗುವಂತೆಯೂ ಇರಲಿಲ್ಲ. ಅದು ವಿಕಿರಣದಿಂದಲೋ, ನಾಲ್ಕು ವಾರ ನಾವು ತಿಳಿಯದೆ ಕೂಗಲು ಬಿಟ್ಟದ್ದರಿಂದಲೋ, ಬೀಡಿಯಿಂದಲೋ?

ಗಂಗವ್ವನವರನ್ನು ಕೇಳಿದೆ. "ದನಿ ಮೊದಲಿನ ಹಾಗೆ ಇದೆಯಾ ಅಮ್ಮ?"

ಆಕೆ ಈ ಸಲ ಹ್ಞೂಂ ಎನ್ನಲಿಲ್ಲ.

"ಮೊದಲ ಹೆಂಗಿತ್ತಂತ ನನಗೇನ ಗೊತ್ರಿ? ಕಿವಿ ಇದ್ದಾಗಿಂದು ನೆನಪಿಲ್ಲ. ಆಮ್ಯಾಲೆ ನನಗ ಗುಡುಗಿದಂಗ ಕೇಳತಿತ್ತು. ಏನೋ ಅಂತಾರ ಅಂತ ತಿಳೀತಿತ್ತು, ಅಷ್ಟ. ಈಗ ಬ್ಯಾರೆ ಯಾರೋ ಮನ್ಯಾಗ ಬಂದಂಗ ಆಗೈತಿ."

"ಕೇಳ್ರಿ!" ಎಂದರು ಈರಣ್ಣ. "ಇಷ್ಟ ವರ್ಷ ಬಾಳೇವು ಮಾಡಿ, ಬ್ಯಾರೆ ಯಾರೋ ಅಂತ."

"ಬ್ಯಾರೆಯವನ ಚಲೋ ಅದಾನ," ಎಂದರು ಗಂಗವ್ವ, ನನಗೆ ಮಾತ್ರ ಹೇಳುವವರಂತೆ. "ಬೈದ್ರೂ ಬೈದಂಗ ಅನಸೂದಿಲ್ಲ."

ತಪಾಸಣೆಯ ಹಾಳೆಯಲ್ಲಿ ಉತ್ತರದ ಜಾಗವನ್ನು ನಾನು ಖಾಲಿ ಬಿಟ್ಟೆ. ಹೌದೆಂದು ಬರೆಯಲೂ ಅಲ್ಲವೆಂದು ಬರೆಯಲೂ ಆಗಲಿಲ್ಲ. ಅಳೆಯುವ ವಸ್ತುವೂ ಬದಲಾಗಿತ್ತು, ಅಳೆಯುವ ಕೋಲೂ ಬದಲಾಗಿತ್ತು. ಇಬ್ಬರೂ ಎದ್ದರು. ಈರಣ್ಣನವರು ಬಾಗಿಲ ಬಳಿ ಹೋಗಿ, ಹಳೆಯ ರೂಢಿಯಂತೆ ಹೆಂಡತಿಯ ಎದುರಿಗೆ ನಿಂತು, ಕತ್ತಿನ ನರ ಉಬ್ಬಿಸಿ, ಮುಖ ಕೆಂಪಾಗುವಷ್ಟು ಬಲ ಹಾಕಿ, ಬಸ್ಸಿಗೆ ಹೊತ್ತಾಯಿತು ಎಂದೋ ಏನೋ ಹೇಳಲು ಹೊರಟರು. ತಿಂಗಳುಗಟ್ಟಲೆ ನಾನು ಬಿಡಿಸಲು ನೋಡಿ ಬಿಡಿಸಲಾಗದಿದ್ದ ಚಟ ಅದು. ಗಂಗವ್ವ ಅವರ ಎದೆಯ ಮೇಲೆ ಅಂಗೈ ಇಟ್ಟು ತಡೆದರು.

"ಒದರಬ್ಯಾಡ್ರಿ. ಕೇಳಸ್ತೈತಿ."

ಈರಣ್ಣನವರು ಬಾಯಿ ತೆರೆದವರು ಹಾಗೇ ನಿಂತರು. ಆಮೇಲೆ ಅದನ್ನೇ ಮೆಲ್ಲಗೆ ಹೇಳಿದರು.